ಫ್ರೀಡಾಸ್ 1.3: ಪ್ರೆಸ್ಸಿನ ಹಳೇ ಡಿಸ್ಕುಗಳ ಜೊತೆ ಮೂರು ವರ್ಷ

ತುಮಕೂರಿನ ಅಶೋಕ ರಸ್ತೆ ಹತ್ತಿರ ಅಪ್ಪ ನಡೆಸುತ್ತಿದ್ದ ಪ್ರಿಂಟಿಂಗ್ ಪ್ರೆಸ್ಸಿನಿಂದ ನನ್ನ ಪಾಲಿಗೆ ಬಂದದ್ದು ಒಂದು ಹಳೇ ಪೆಂಟಿಯಂ ಕಂಪ್ಯೂಟರ್, ಜೊತೆಗೆ ರಟ್ಟಿನ ಡಬ್ಬಿ ತುಂಬ ಹಾರ್ಡ್ ಡಿಸ್ಕು. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್ ಬುಕ್ಕು ಎಲ್ಲವೂ ಪುಟ ವಿನ್ಯಾಸದ ಪೇಜ್‌ಮೇಕರ್ ಫೈಲುಗಳಲ್ಲಿ, ಒಂದೊಂದು ಡಿಸ್ಕಿನಲ್ಲೂ ಎರಡು ಮೂರು ಭಾಗ (ಪಾರ್ಟಿಷನ್). ಯಾವುದು ಎಲ್ಲಿದೆ ಎಂದು ಅಪ್ಪನಿಗೆ ಬಾಯಿಪಾಠವಿತ್ತು. ನನಗೆ ಪಟ್ಟಿ ಬೇಕಿತ್ತು.

ಫ್ರೀಡಾಸ್ ಹಾಕಿದ್ದು ಅದಕ್ಕೆ. ಆಜ್ಞೆ ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಮೈಕ್ರೋಸಾಫ್ಟಿನ ಹಳೇ ವ್ಯವಸ್ಥೆ ಎಂಎಸ್-ಡಾಸ್ ನಿಲ್ಲುವ ಸೂಚನೆ ಕಂಡಾಗ ಜಿಮ್ ಹಾಲ್ 1994ರಲ್ಲಿ ಶುರುಮಾಡಿದ ಮುಕ್ತ ಡಾಸ್ ಇದು, 1.3 ಬಂದದ್ದು 2022ರಲ್ಲಿ. ಎಂಎಸ್-ಡಾಸ್ 6.22 ಒಂದು ಭಾಗಕ್ಕೆ 2 ಜಿಬಿ ದಾಟುವುದಿಲ್ಲ. ಇದು ಫ್ಯಾಟ್32 ಎಂಬ, ದೊಡ್ಡ ಭಾಗಗಳಲ್ಲಿ ಫೈಲು ಜೋಡಿಸುವ ವಿಧಾನವನ್ನೂ ಓದುತ್ತದೆ, ವಿಂಡೋಸ್ 98ರ ಕಾಲದ ದೊಡ್ಡ ಭಾಗಗಳೂ ಸಿಕ್ಕವು.

ಕೆಲಸ ಮಾಡುವುದು ಎರಡೇ ಬ್ಯಾಚ್ ಫೈಲು, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟು: 'ಎಲ್ಲಾ' ಮತ್ತು 'ಒಂದು'. 'ಎಲ್ಲಾ'ದಲ್ಲಿ ಒಂದು ಫಾರ್ ಸಾಲು. ಡಾಸ್ ಪ್ರತಿ ಭಾಗವನ್ನೂ ಒಂದು ಅಕ್ಷರದಿಂದ ಕರೆಯುತ್ತದೆ; ಸಿ, ಡಿ, ಇ, ಎಫ್, ಜಿ ಎಂದು ಆ ಅಕ್ಷರಗಳನ್ನು ಬರೆದುಕೊಟ್ಟರೆ ಒಂದೊಂದನ್ನೇ ಎತ್ತಿ 'ಒಂದು'ವಿಗೆ ಕೊಡುತ್ತದೆ. ನಡುವೆ ಕಾಲ್ ಆಜ್ಞೆ ಬೇಕೇ ಬೇಕು, ಇಲ್ಲದಿದ್ದರೆ ಒಂದು ಬ್ಯಾಚ್ ಫೈಲಿನಿಂದ ಇನ್ನೊಂದಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ಇನ್ನೊಂದು ವಿಷಯಕ್ಕೆ ನನಗೆ ಅರ್ಧ ದಿನ ಹೋಯಿತು: ಫಾರ್ ಸಾಲನ್ನು ನೇರ ಟೈಪ್ ಮಾಡುವಾಗ, ಎತ್ತಿದ್ದನ್ನು ಹಿಡಿದಿಟ್ಟುಕೊಳ್ಳುವ ಅಕ್ಷರದ ಮುಂದೆ ಒಂದು ಶೇಕಡಾ ಚಿಹ್ನೆ ಸಾಕು, ಬ್ಯಾಚ್ ಫೈಲಿನೊಳಗೆ ಎರಡು ಬೇಕು. 'ಒಂದು' ಆ ಭಾಗದ ಪೇಜ್‌ಮೇಕರ್ ಫೈಲುಗಳನ್ನೆಲ್ಲ ಡಿರ್ ಆಜ್ಞೆಯಿಂದ ಹುಡುಕಿ ಪಟ್ಟಿಯ ಕೊನೆಗೆ ಸೇರಿಸುತ್ತದೆ.

ಮೊದಲ ಸಲ ಉತ್ಸಾಹದಲ್ಲಿ ಫ್ಲಾಪಿ ಡ್ರೈವಿನ ಎ ಅಕ್ಷರವನ್ನೂ ಸೇರಿಸಿ ರಾತ್ರಿ ಓಡಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಪ್ರೆಸ್ಸಿನ ಹುಡುಗನ ಫೋನು: "ಅಕ್ಕ, ಏನೂ ಓಡಿಲ್ಲ ಕಣಕ್ಕ, ಏನೋ ಕೇಳ್ಕೊಂಡು ನಿಂತೈತೆ." ಫ್ಲಾಪಿ ಡ್ರೈವ್ ಖಾಲಿ ಇತ್ತು. ಅಬಾರ್ಟ್, ರಿಟ್ರೈ, ಫೇಲ್ ಎಂದು ಕೇಳಿ ಉತ್ತರಕ್ಕೆ ಕಾದು ಕುಳಿತಿತ್ತು. ಬಿ ಅಕ್ಷರದ್ದು ಇನ್ನೂ ಕಿರಿಕಿರಿ: ಒಂದೇ ಫ್ಲಾಪಿ ಡ್ರೈವ್ ಇರುವ ಯಂತ್ರದಲ್ಲಿ ಅದಕ್ಕೇ ಎರಡನೇ ಹೆಸರಾಗಿ ಬಿ ಕೂಡ ಇರುತ್ತದೆ, ಡಿಸ್ಕ್ ಬದಲಿಸು ಎನ್ನುತ್ತದೆ. ಎರಡನ್ನೂ ತೆಗೆದೆ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಎರಡನೇ ವರ್ಷ. ಆಗ ಕೆಲಸದ ಭಾಗ ಡಿ, ಅದರ ನಕಲು ಇ. ಡಿಯಿಂದ ಇಗೆ ಎಕ್ಸ್‌ಕಾಪಿ (ಫೋಲ್ಡರ್ ಸಮೇತ ನಕಲಿಸುವ ಆಜ್ಞೆ) ಮಾಡುವ, ಅದೇ ಹೆಸರಿನ ಫೈಲಿದ್ದರೆ ಕೇಳದೆ ಮೇಲೆ ಬರೆಯುವ ಸಾಲೊಂದು ಸ್ಕ್ರಿಪ್ಟಿನಲ್ಲಿತ್ತು. ಡಬ್ಬಿಯಿಂದ ಇನ್ನೊಂದು ಡಿಸ್ಕ್ ತೆಗೆದು ಜೋಡಿಸಿದೆ. ಡಾಸ್ ಮೊದಲು ಪ್ರತಿ ಡಿಸ್ಕಿನ ಪ್ರೈಮರಿ (ಮುಖ್ಯ) ಭಾಗಕ್ಕೆ ಅಕ್ಷರ ಕೊಡುತ್ತದೆ, ಲಾಜಿಕಲ್ (ಒಳಗೆ ಮತ್ತೆ ಹಂಚಿದ) ಭಾಗಗಳ ಸರದಿ ಆಮೇಲೆ. ಹಾಗಾಗಿ ಹೊಸದಾಗಿ ಸೇರಿದ್ದೇ ಡಿ ಆಯಿತು, ನನ್ನ ಕೆಲಸದ ಭಾಗ ಇಗೆ, ನಕಲಿನದು ಎಫ್‌ಗೆ ಸರಿಯಿತು. ಹಳೇ ಡಿಸ್ಕಿನ 'ಮದುವೆ1', 'ಮದುವೆ2' ಹೋಗಿ ನನ್ನ ಹೊಸ 'ಮದುವೆ1', 'ಮದುವೆ2'ರ ಮೇಲೆ ಕುಳಿತವು. ಎಫ್‌ನಲ್ಲಿ ಹಿಂದಿನ ವಾರದ ನಕಲು ಇತ್ತು; ಆ ವಾರದ ಮೂರು ಪತ್ರಿಕೆಗಳನ್ನು ರಾತ್ರಿ ಕೂತು ಮತ್ತೆ ಕಟ್ಟಿದೆ.

ಅಲ್ಲಿಂದ ಅಕ್ಷರವನ್ನು ನಂಬುವುದು ಬಿಟ್ಟೆ. ಪ್ರತಿ ಭಾಗದಲ್ಲೂ ಎಲ್ಲ ಫೋಲ್ಡರುಗಳಿಗಿಂತ ಮೇಲಿನ ಮಟ್ಟದಲ್ಲಿ ಒಂದು ಪುಟ್ಟ ಗುರುತಿನ ಫೈಲು ಇಟ್ಟಿದ್ದೇನೆ, ಕೆಲಸದ್ದಕ್ಕೆ ಒಂದು ಹೆಸರು, ನಕಲಿನದಕ್ಕೆ ಇನ್ನೊಂದು. 'ಒಂದು' ಮೊದಲು ಇಫ್ ಎಕ್ಸಿಸ್ಟ್ ಎಂದು ಗುರುತು ನೋಡುತ್ತದೆ. ಗುರುತಿಲ್ಲದ ಭಾಗವನ್ನು ಮುಟ್ಟುವುದೇ ಇಲ್ಲ. ಯಾವ ಡಿಸ್ಕ್ ಹಾಕಿ ತೆಗೆದರೂ ಅಂದಿನಿಂದ ಒಂದು ಫೈಲೂ ಹಾಳಾಗಿಲ್ಲ.

ಕೊರತೆ ಇಲ್ಲವೆಂದಲ್ಲ. ಈಚಿನ ವಿಂಡೋಸ್ ಡಿಸ್ಕುಗಳಲ್ಲಿ ಇರುವ ಎನ್‌ಟಿಎಫ್‌ಎಸ್ ಭಾಗ ಇದಕ್ಕೆ ಕಾಣುವುದಿಲ್ಲ, ಅಕ್ಷರವನ್ನೂ ಕೊಡುವುದಿಲ್ಲ. ಅದೇ ಡಿಸ್ಕ್ ವಿಂಡೋಸಿನಲ್ಲಿ ಒಂದು ಅಕ್ಷರ, ಇಲ್ಲಿ ಇನ್ನೊಂದು. ವಿಂಡೋಸಿನಲ್ಲಿ ಇಟ್ಟ ಉದ್ದ ಹೆಸರುಗಳು ಎಂಟಕ್ಷರಕ್ಕೆ ಮೊಟಕಾಗಿ, ಬಾಲಕ್ಕೆ ಒಂದು ಅಲೆಗೆರೆ, ಒಂದು ಅಂಕಿ ಅಂಟಿಸಿಕೊಂಡು ಪಟ್ಟಿಗೆ ಬರುತ್ತವೆ, ಗುರುತು ಹಿಡಿಯುವುದು ಕಷ್ಟ. ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಬ್ಯಾಟರಿಯನ್ನೂ ಬದಲಿಸಿಕೊಳ್ಳಿ, ಇಲ್ಲವಾದರೆ ಪಟ್ಟಿಯ ತಾರೀಖು ನಂಬುವ ಹಾಗಿರುವುದಿಲ್ಲ.

ಹಳೇ ಫ್ಯಾಟ್ ಡಿಸ್ಕುಗಳ ರಾಶಿ ಇರುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಹಾಕಿಕೊಳ್ಳಿ. ನಕಲು ಮಾಡುವ ಸಾಲು ಬರೆಯುವ ಮುಂಚೆ ಮಾತ್ರ ಗುರುತಿನ ಫೈಲು ಇಡಿ. ನನ್ನ ಡಬ್ಬಿಯಲ್ಲಿ ಇನ್ನೂ ನಾಲ್ಕು ಡಿಸ್ಕ್ ಉಳಿದಿವೆ.