ಸಬ್‌ಚೇಸರ್ ಮರದ ಕಿಟ್: ಎರಡು ಮಳೆಗಾಲ ಕಳೆದ ಮೇಲೆ

ಶೋಕೇಸಿನಲ್ಲಿ ಇದನ್ನು ನೋಡಿದವರೆಲ್ಲ ಕೇಳುವುದು ಒಂದೇ ಮಾತು, "ಮೀನು ಹಿಡಿಯೋ ಬೋಟಾ?" ಅಲ್ಲ ಸ್ವಾಮಿ, ಸಬ್‌ಮರೀನ್ ಹಿಡಿಯುವ ಬೋಟು. ಮೊದಲ ಮಹಾಯುದ್ಧದ ಕಾಲದ ಅಮೆರಿಕನ್ ಎಸ್‌ಸಿ-1 ಮಾದರಿ, 1:72 ಅಳತೆ. ಅಸಲಿ ಬೋಟು 110 ಅಡಿ, ನನ್ನದು ಒಂದೂವರೆ ಅಡಿ.

ಮರ ಚೆನ್ನಾಗಿದೆ. ಆದರೆ ಮೊದಲ ಮಳೆಗಾಲಕ್ಕೇ ಹಿಂಬದಿಯ ಡೆಕ್ ಉಬ್ಬಿ ಮೇಲೆದ್ದಿತು. ಒಳಗಡೆಗೂ ವಾರ್ನಿಷ್ ಬೇಕು ಅಂತ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಬಿಚ್ಚಿ, ಎರಡು ಕೋಟ್ ಹೊಡೆದು, ಬಟ್ಟೆ ಕ್ಲಿಪ್ ಹಾಕಿ ಅಂಟಿಸಿದೆ, ಆಮೇಲೆ ಅಲ್ಲಾಡಿಲ್ಲ. ಅಸಲಿಯೂ ಮರದ್ದೇ. ಉಕ್ಕಿನ ಹಡಗು ಕಟ್ಟುವ ಯಾರ್ಡುಗಳಿಗೆ ಡೆಸ್ಟ್ರಾಯರ್ ಅನ್ನುವ ದೊಡ್ಡ ಯುದ್ಧನೌಕೆಗಳ ಕೆಲಸವೇ ಕೈತುಂಬ ಇತ್ತು, ಅದಕ್ಕೆ ವಿಹಾರದ ದೋಣಿಗಳ ನಕ್ಷೆ ಹಾಕುತ್ತಿದ್ದ ಆಲ್ಬರ್ಟ್ ಲೋರಿಂಗ್ ಸ್ವೇಸಿ ಸಣ್ಣ ಯಾರ್ಡಿನವರೂ ಕಟ್ಟುವಂತೆ ಇದನ್ನು ರೂಪಿಸಿದರು. 1917ರಿಂದ 1919ರೊಳಗೆ 441 ಬೋಟು ತಯಾರಾದವು, ಅದರಲ್ಲಿ 100 ಫ್ರಾನ್ಸಿಗೆ ಹೋದವು.

ನನ್ನ ದೊಡ್ಡ ತಕರಾರು ವೈ-ಗನ್ ಬಗ್ಗೆ. ಕಿಟ್‌ನಲ್ಲಿ ಮುಂದೊಂದು ಹಿಂದೊಂದು ಫಿರಂಗಿ ಇದೆ. ಮೊದಲ ಪ್ಲಾನ್ ಹಾಗೇ ಇತ್ತು, ನಿಜ. ಆಮೇಲೆ ಹಿಂದಿನ ಜಾಗಕ್ಕೆ ಕವಲೊಡೆದ ಎರಡು ನಳಿಗೆಯ ವೈ-ಗನ್ ಬಂತು, ಒಂದೇ ಏಟಿಗೆ ಎಡಕ್ಕೊಂದು ಬಲಕ್ಕೊಂದು ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬು, ಎಸೆಯುವಂಥದ್ದು. ಡಬ್ಬದ ಮೇಲಿನ ಚಿತ್ರದಲ್ಲಿ ಅದು ಇದೆ, ಒಳಗೆ ಇಲ್ಲ! ಮಾರಿದವರಿಗೆ ಮೇಲ್ ಹಾಕಿದರೆ "ನೋಡ್ತೀವಿ ಸರ್" ಅಂದರು. ಇನ್ನೂ ನೋಡುತ್ತಿದ್ದಾರೆ. ಕೊನೆಗೆ ಕಿವಿಗೆ ಹಾಕುವ ಬಡ್ಸ್‌ನ ಕಡ್ಡಿ ಓರೆಯಾಗಿ ಕತ್ತರಿಸಿ, ಅಂಟಿಸಿ, ಬೂದು ಬಣ್ಣ ಬಳಿದೆ. ಹತ್ತಿರದಿಂದ ನೋಡಿದರೂ ಗೊತ್ತಾಗಲ್ಲ.

ನೀರಿನಡಿಯ ಸದ್ದು ಕೇಳಿಸಿಕೊಳ್ಳುವ ಹೈಡ್ರೋಫೋನ್ ಅಂತೂ ಕೊಟ್ಟೇ ಇಲ್ಲ, ಈ ಬೋಟಿನ ಜೀವವೇ ಅದು. ತಲಾ 220 ಅಶ್ವಶಕ್ತಿಯ ಮೂರು ಪೆಟ್ರೋಲ್ ಎಂಜಿನ್ ಓಡುತ್ತಿದ್ದರೆ ಆ ಸದ್ದು ಕೇಳಿಸುತ್ತದಾ? ಎಲ್ಲ ಆಫ್ ಮಾಡಿ, ತೇಲುತ್ತಾ, ಕಿವಿಗೊಟ್ಟು ಕೂರಬೇಕಿತ್ತು. ಮೂರು ಮೂರು ಬೋಟು ಜೊತೆಯಾಗಿ ಹೋಗುತ್ತಿದ್ದವು, ಮೂರೂ ಕಡೆಯಿಂದ ಸದ್ದಿನ ದಿಕ್ಕು ಹಿಡಿದು ಗೆರೆ ಎಳೆದರೆ ಅವು ಕೂಡುವ ಕಡೆ ಸಬ್‌ಮರೀನ್. ಬೋಟೇ ಎಷ್ಟು ಗಿಡ್ಡ ಅಂದರೆ, 1918ರ ಆಗಸ್ಟಿನಲ್ಲಿ ಎಸ್‌ಸಿ-209 ಅನ್ನು ತಮ್ಮದೇ ದೇಶದ ಹಡಗು ಸಬ್‌ಮರೀನ್ ಅಂದುಕೊಂಡು ಹೊಡೆದು ಮುಳುಗಿಸಿತು, ಪಾಪ.

ಹಿತ್ತಾಳೆಯ ಮೂರು ಪ್ರೊಪೆಲ್ಲರ್ ಮಾತ್ರ ಅದ್ಭುತ. ಕಪ್ಪಾದರೆ ಹುಣಸೆಹಣ್ಣಿನಲ್ಲಿ ಉಜ್ಜಿ, ಫಳಫಳ.

ಐದಕ್ಕೆ ಮೂರೂವರೆ. ಇನ್ನೆರಡು ತಂದು ಮೂರರ ತಂಡ ಮಾಡುವ ಆಸೆ ಇದೆ, ಶೋಕೇಸಿನಲ್ಲಿ ಜಾಗ ಇಲ್ಲ ಅಂತ ಮನೆಯಲ್ಲಿ ಈಗಾಗಲೇ ಹೇಳಿಯಾಗಿದೆ.