ಎಚ್‌ಡಿ 600 ಇರುವಾಗ ಎಚ್‌ಡಿ 800 ಎಸ್ ಬೇಕೇ? ಮೂರು ವಾರ ಕೇಳಿದ ಮೇಲೆ

ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ನನ್ನ ಮೇಜಿಗೆ ಬಂದು ಒಂಬತ್ತು ವರ್ಷಗಳಾದವು. ಇಷ್ಟು ದಿನ ಅದು ನನ್ನನ್ನು ತೃಪ್ತಿಯಲ್ಲೇ ಇಟ್ಟಿದ್ದರೂ, ಅದೇ ಸಂಸ್ಥೆಯ ಮೇಲ್ದರ್ಜೆಯ ಓಪನ್-ಬ್ಯಾಕ್ ಮಾದರಿಯಾದ ಎಚ್‌ಡಿ 800 ಎಸ್‌ನಲ್ಲಿ ವೀಣೆ ಹೇಗೆ ಕೇಳಿಸಬಹುದು ಎಂಬ ಪ್ರಶ್ನೆ ಕಳೆದ ಎರಡು ವರ್ಷಗಳಿಂದ ಬಿಡದೆ ಕಾಡುತ್ತಿತ್ತು. ಒಂದು ಲಕ್ಷ ರೂಪಾಯಿ ದಾಟುವ ವಸ್ತುವನ್ನು ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ ಕೊಂಡುಬಿಡುವ ಧೈರ್ಯ ನನಗಿಲ್ಲ. ಬೆಂಗಳೂರಿನ ಗೆಳೆಯರೊಬ್ಬರು ಮಗಳ ಮನೆಗೆಂದು ವಿದೇಶಕ್ಕೆ ಹೊರಟಾಗ ತಮ್ಮ ಎಚ್‌ಡಿ 800 ಎಸ್ ಅನ್ನು ಮೂರು ವಾರಗಳ ಮಟ್ಟಿಗೆ ಮೈಸೂರಿನ ನನ್ನ ಮನೆಯಲ್ಲಿ ಬಿಟ್ಟುಹೋದರು. ಹಾಗಾಗಿ ಎರಡನ್ನೂ ಒಂದೇ ಕೋಣೆಯಲ್ಲಿ, ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ನಾನು ದಿನವೂ ಕೇಳುವ ಸಂಗೀತದಲ್ಲೇ ಹೋಲಿಸಿ ನೋಡುವ ಅವಕಾಶ ಒದಗಿತು.

ಓಪನ್-ಬ್ಯಾಕ್ ಹೆಡ್‌ಫೋನಿನಲ್ಲಿ ಕಿವಿಯ ಬಟ್ಟಲಿನ ಹೊರಮೈ ಮುಚ್ಚಿರುವುದಿಲ್ಲ, ಜಾಲರಿಯಂತೆ ತೆರೆದಿರುತ್ತದೆ. ಡ್ರೈವರಿನ, ಅಂದರೆ ಸದ್ದು ಹೊಮ್ಮಿಸುವ ಘಟಕದ, ಹಿಂಬದಿಯಿಂದ ಹೊರಡುವ ಸದ್ದು ಬಟ್ಟಲಿನೊಳಗೆ ಬಡಿದು ಕಿವಿಗೆ ಮರಳದೆ ಹೊರಗೆ ಹೋಗುವುದರಿಂದ, ಸಂಗೀತ ತಲೆಯೊಳಗೆ ಸಿಕ್ಕಿಕೊಂಡಂತೆ ಅನ್ನಿಸದೆ ಸುತ್ತಲಿನ ಗಾಳಿಯಲ್ಲಿ ಹರಡಿಕೊಂಡಂತೆ ಕೇಳುತ್ತದೆ. ಸೆನ್‌ಹೈಸರ್ ಸಂಸ್ಥೆ 1968ರಲ್ಲಿ ಎಚ್‌ಡಿ 414 ಮೂಲಕ ಈ ಬಗೆಯನ್ನು ಮಾರುಕಟ್ಟೆಗೆ ತಂದಿತು. ಎಚ್‌ಡಿ 600 ಬಂದದ್ದು 1997ರಲ್ಲಿ, ಎಚ್‌ಡಿ 800 ಬಂದದ್ದು 2009ರಲ್ಲಿ. ಎಚ್‌ಡಿ 800ರ ಡ್ರೈವರಿನ ಪೊರೆ ಬಳೆಯಾಕಾರದ್ದು, 56 ಮಿಲಿಮೀಟರ್ ಅಗಲದ್ದು; ಅದನ್ನು ಕಿವಿಗೆ ನೇರವಾಗಿ ಇಡದೆ ತುಸು ಮುಂದಕ್ಕೆ, ಓರೆಯಾಗಿ ಕೂರಿಸಿದ್ದಾರೆ. ಎದುರಿಗಿರುವ ಸ್ಪೀಕರಿನ ಸದ್ದು ಹೊರಗಿವಿಯ ಮಡಿಕೆಗಳನ್ನು ಸವರಿಕೊಂಡು ಒಳಗೆ ಹೋಗುವಂತೆ ಇದರ ಸದ್ದೂ ಹೋಗಲಿ ಎಂಬುದು ಅದರ ಉದ್ದೇಶ. ಆ ಮಾದರಿಯಲ್ಲಿ 6 ಕಿಲೋಹರ್ಟ್ಝ್ ಆಸುಪಾಸಿನಲ್ಲಿದ್ದ ಅನುರಣನವನ್ನು ತಗ್ಗಿಸುವ ಹೀರುಕವೊಂದನ್ನು ಅಳವಡಿಸಿ 2016ರಲ್ಲಿ ಹೊರತಂದದ್ದೇ ಎಚ್‌ಡಿ 800 ಎಸ್.

ಬೆಲೆ ಹೆಚ್ಚಿದಷ್ಟೂ ಧ್ವನಿ ಹೆಚ್ಚು ನಿಖರವಾಗುತ್ತದೆ ಎಂದು ನಂಬಿಕೊಂಡೇ ನಾವು ಮೇಲ್ದರ್ಜೆಯ ಕಡೆಗೆ ನೋಡುತ್ತೇವೆ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಮಾಪನಗಳನ್ನು ಪರಿಶೀಲಿಸಿ, ಮಾರಾಟದ ಬೆಲೆಗೂ ಆವರ್ತನ ಸ್ಪಂದನಕ್ಕೂ (ತಗ್ಗಿನಿಂದ ಮೇಲಿನವರೆಗಿನ ಸ್ವರಗಳನ್ನು ಹೆಡ್‌ಫೋನ್ ಎಷ್ಟೆಷ್ಟು ಜೋರಾಗಿ ನುಡಿಸುತ್ತದೆ ಎಂಬುದಕ್ಕೂ) ಸಂಬಂಧ ಕಾಣುವುದಿಲ್ಲ ಎಂದು ಪ್ರಕಟಿಸಿದರು. ದುಬಾರಿ ಹೆಡ್‌ಫೋನುಗಳೆಲ್ಲ ವ್ಯರ್ಥ ಎಂದು ಇದಕ್ಕೆ ಅರ್ಥವಲ್ಲ. ಹೆಚ್ಚಿನ ಹಣ ಏನನ್ನು ಕೊಳ್ಳುತ್ತದೆ ಎಂಬುದನ್ನು ಬೆಲೆಯ ಚೀಟಿ ಹೇಳುವುದಿಲ್ಲ, ಪ್ರತಿಯೊಂದರಲ್ಲೂ ಕೇಳಿಯೇ ಕಂಡುಕೊಳ್ಳಬೇಕು ಎಂದಷ್ಟೇ ನಾನು ಅದರಿಂದ ತಿಳಿದುಕೊಂಡೆ.

ಹೋಲಿಕೆಗೆ ಕೂರುವ ಮುನ್ನ ಎರಡರ ಸದ್ದಿನ ಮಟ್ಟವನ್ನು ಸಮ ಮಾಡಿಕೊಳ್ಳುವುದು ಬಹಳ ಮುಖ್ಯ. ಒಂದು ಡೆಸಿಬೆಲ್ ಜೋರಾಗಿರುವುದು ಕಿವಿಗೆ ಜೋರು ಎಂದು ತೋರುವುದಿಲ್ಲ, ಹೆಚ್ಚು ಸ್ಪಷ್ಟ, ಹೆಚ್ಚು ಜೀವಂತ ಎಂದು ತೋರುತ್ತದೆ. ಅಂಗಡಿಯಲ್ಲಿ ಮಾಡುವ ಹೋಲಿಕೆಗಳು ದಾರಿ ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ. ನಾನು ದಪ್ಪ ರಟ್ಟಿನಲ್ಲಿ ಒಂದು ತೂತು ಕೊರೆದು, ಅದರ ಮೇಲೆ ಹೆಡ್‌ಫೋನಿನ ಬಟ್ಟಲನ್ನು ಕವುಚಿ, ತೂತಿನಲ್ಲಿ ಶಬ್ದಮಾಪಕದ ಮೂತಿಯನ್ನಿಟ್ಟು, ಪಿಂಕ್ ನಾಯ್ಸ್ ಎಂಬ, ಎಲ್ಲ ಆವರ್ತನಗಳೂ ಬೆರೆತ ಪರೀಕ್ಷೆಯ ಸದ್ದನ್ನು ನುಡಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತಂದುಕೊಂಡೆ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ ಅಂದಾಜಿನ ಮೇಲೆ ಗುಂಡಿ ತಿರುಗಿಸುವುದಕ್ಕಿಂತ ಎಷ್ಟೋ ಮೇಲು. ಮೊದಲ ಎರಡು ದಿನಗಳ ನನ್ನ ಟಿಪ್ಪಣಿಗಳನ್ನು ಪೂರ್ತಿ ಬದಿಗಿಟ್ಟೆ; ಹೊಸ ಧ್ವನಿಗೆ ಕಿವಿ ಒಗ್ಗುವವರೆಗೆ ಬರೆದ ಮಾತಿನಲ್ಲಿ ಬೆರಗೇ ಹೆಚ್ಚಿರುತ್ತದೆ.

ಎಚ್‌ಡಿ 800 ಎಸ್ ತನ್ನ ಶಕ್ತಿಯನ್ನು ನನಗೆ ತೋರಿಸಿದ್ದು ಒಂದು ಮನೆ ಕಛೇರಿಯ ಮುದ್ರಣದಲ್ಲಿ. ಪರಿಚಿತ ವೈಣಿಕರೊಬ್ಬರು ನಡುಮನೆಯಲ್ಲಿ ಕುಳಿತು, ವರ್ಧಕವಿಲ್ಲದೆ ನುಡಿಸಿದ್ದನ್ನು ಎರಡು ಮೈಕ್ ಇಟ್ಟು ಸ್ಟೀರಿಯೊದಲ್ಲಿ ಮುದ್ರಿಸಿಕೊಂಡದ್ದು ಅದು. ಅಂದು ನಾನು ಎಂಟು ಅಡಿ ದೂರದಲ್ಲಿ ಕುಳಿತಿದ್ದೆನಾದ್ದರಿಂದ ಮೂಲದ ನಾದ ಹೇಗಿತ್ತೆಂಬುದು ಚೆನ್ನಾಗಿ ನೆನಪಿದೆ. ಎಚ್‌ಡಿ 600ರಲ್ಲಿ ವೀಣೆಯ ನಾದದ ಬಣ್ಣ ಸರಿಯಾಗಿಯೇ ಇದೆ, ತಂತಿಯ ತೂಕವಿದೆ, ಆದರೆ ವೀಣೆ, ಮೃದಂಗ, ತಂಬೂರಿ ಮೂರೂ ಒಂದಕ್ಕೊಂದು ಒತ್ತಿಕೊಂಡು ಹಣೆಯ ಸುತ್ತಲೇ ಕುಳಿತಿರುತ್ತವೆ. ಎಚ್‌ಡಿ 800 ಎಸ್‌ನಲ್ಲಿ ಮೊದಲು ಕೇಳಿದ್ದು ಆ ನಡುಮನೆ. ಮೃದಂಗ ಬಲಕ್ಕೆ ಮೂರು ಮೊಳ ಸರಿದು ಕುಳಿತಿತು, ತಂಬೂರಿ ಹಿಂದಕ್ಕೆ ಹೋಯಿತು, ವೀಣೆಗೂ ಅವುಗಳಿಗೂ ನಡುವೆ ಖಾಲಿ ಜಾಗ ಕಾಣಿಸಿತು. ಉಗುರು ತಂತಿಯನ್ನು ಬಿಟ್ಟ ಕ್ಷಣದ ಸಣ್ಣ ಸದ್ದು, ಮೀಟಿಲ್ಲದೆ ಎಡಗೈ ಬೆರಳು ಮಾತ್ರ ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುವಾಗಿನ ಉಜ್ಜಾಟ, ಗಮಕದ ಕೊನೆಯಲ್ಲಿ ನಾದ ಕರಗಿ ಕೋಣೆಯ ಮೌನದೊಂದಿಗೆ ಬೆರೆಯುವ ಆ ಒಂದೆರಡು ಕ್ಷಣ, ಇವೆಲ್ಲ ಹಳೆಯದರಲ್ಲೂ ಇದ್ದವು, ಆದರೆ ಹುಡುಕಿ ಕೇಳಬೇಕಿತ್ತು. ಇಲ್ಲಿ ಅವು ತಾವಾಗಿಯೇ ಬಂದವು. ತಂಬೂರಿಯ ವಿಷಯದಲ್ಲಂತೂ ವ್ಯತ್ಯಾಸ ಇನ್ನೂ ಹೆಚ್ಚು. ಜೀವಾಳದ ದಾರ ಸರಿಯಾಗಿ ಕೂತಾಗ ತಂತಿಯಿಂದ ಏಳುವ ಉಪನಾದಗಳು ಒಂದರ ಹಿಂದೊಂದು ಮೇಲೇರುವುದನ್ನು, ಅವುಗಳ ನಡುವೆ ಯಾರೂ ಮೀಟದ ಗಾಂಧಾರ ತೇಲಿ ಬರುವುದನ್ನು ಬೇರೆ ಯಾವ ಹೆಡ್‌ಫೋನಿನಲ್ಲೂ ನಾನು ಇಷ್ಟು ಬಿಡಿಬಿಡಿಯಾಗಿ ಕೇಳಿರಲಿಲ್ಲ. ಆ ರಾತ್ರಿ ಹನ್ನೊಂದೂವರೆಗೆ, ಇದನ್ನು ಕೊಂಡೇ ಬಿಡಬೇಕು ಎಂದು ನಿಶ್ಚಯಿಸಿ ಮಲಗಿದೆ.

ನಿಶ್ಚಯ ಸಡಿಲವಾದದ್ದು ಮೂರು ದಿನಗಳ ನಂತರ, ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಲು ಕುಳಿತಾಗ. ನನ್ನ ಸಂಗ್ರಹದ ಬಹುಪಾಲು ಹಳೆಯ ಮೊನೊ ಮುದ್ರಣಗಳು: ಆಕಾಶವಾಣಿಯಲ್ಲಿ ಪ್ರಸಾರವಾದವು, ಕಛೇರಿಗಳಲ್ಲಿ ಯಾರೋ ಟೇಪಿಗೆ ಹಿಡಿದವು, 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿಕೊಂಡವು. ಮನ್ಸೂರ್, ಗಂಗೂಬಾಯಿ ಹಾನಗಲ್, ವಿ. ದೊರೆಸ್ವಾಮಿ ಅಯ್ಯಂಗಾರ್ ಅವರನ್ನು ನಾನು ಕೇಳುವುದು ಇಂಥ ಮುದ್ರಣಗಳಲ್ಲಿಯೇ. ಮೊನೊದಲ್ಲಿ ಎಡಕಿವಿಗೂ ಬಲಕಿವಿಗೂ ಹೋಗುವುದು ಒಂದೇ ಸದ್ದು; ಹಾಗಾಗಿ ಹೆಡ್‌ಫೋನ್ ಎಷ್ಟೇ ವಿಶಾಲವಾದ ರಂಗವನ್ನು ಕಟ್ಟಬಲ್ಲದ್ದಾಗಿದ್ದರೂ ಅದಕ್ಕೆ ಕಟ್ಟಲು ಸಾಮಗ್ರಿಯೇ ಇಲ್ಲ, ಗಾಯಕ ತಲೆಯ ನಡುವೆಯೇ ನಿಲ್ಲಬೇಕು. ಇಲ್ಲಿ ಎಚ್‌ಡಿ 600 ಆ ನಡುವಿನ ದನಿಯನ್ನು ಗಟ್ಟಿಯಾಗಿ, ಮೈತುಂಬಿಕೊಂಡು ನಿಲ್ಲಿಸುತ್ತದೆ. ಎಚ್‌ಡಿ 800 ಎಸ್‌ನಲ್ಲಿ ಅದೇ ದನಿ ತುಸು ದೂರ ಸರಿದು ತೆಳುವಾದಂತೆ ನನಗೆ ಕೇಳಿಸಿತು. ಮೇಲಿನ ಆವರ್ತನಗಳನ್ನು ಅದು ಹೆಚ್ಚು ಎತ್ತಿ ತೋರಿಸುವುದರಿಂದ, ಟೇಪಿನ ಹಿಸ್ ಸದ್ದು ಗಾಯನಕ್ಕಿಂತ ಒಂದು ಹೆಜ್ಜೆ ಮುಂದೆ ಬಂದು ಕೂತಿತು. ವಚನ ಗಾಯನದಲ್ಲಿ ಸ, ಶ, ಷ ಅಕ್ಷರಗಳು ಬಂದಾಗಲೆಲ್ಲ ಕಿವಿ ಎಚ್ಚರಗೊಳ್ಳುತ್ತಿತ್ತು.

ಇದನ್ನು ಹೆಡ್‌ಫೋನಿನ ದೋಷವೆನ್ನಲಾರೆ. ಮುದ್ರಣದಲ್ಲಿ ಇರುವುದನ್ನು ಅದು ಹೇಳಿತು, ಅಷ್ಟೇ. ಆದರೆ ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ಜೋಡಿ ರಾಗವೊಂದನ್ನು ಮನ್ಸೂರರು ಒಂದೇ ಉಸಿರಿನಲ್ಲಿ ಸುತ್ತಿ ತಂದು ಸಮಕ್ಕೆ ಮುಟ್ಟಿಸುವಾಗ ನನಗೆ ಬೇಕಾಗಿರುವುದು ಆ ದನಿಯ ಒಳಗಿನ ಬಿಸಿ. ಟೇಪಿನ ಸ್ಥಿತಿಗತಿಯ ವರದಿ ಬೇಕಾಗಿಲ್ಲ. ಮೂರು ವಾರ ಕೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೆ. ಲೆಕ್ಕ ಹಾಕಿದರೆ ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಮೊನೊ. ನನಗಿಂತ ಕಿರಿಯರು, ಈಚಿನ ಸ್ಟೀರಿಯೊ ಆಲ್ಬಂಗಳನ್ನೋ ಪಾಶ್ಚಾತ್ಯ ವಾದ್ಯಮೇಳವನ್ನೋ ಕೇಳುವವರು ಇದೇ ಲೆಕ್ಕ ಹಾಕಿದರೆ ಉತ್ತರ ತಲೆಕೆಳಗಾಗಬಹುದು.

ಇನ್ನು ಕೋಣೆಯ ಮಾತು. ಹೊರಗಿನ ಸದ್ದನ್ನು ತಡೆಯುವ ಗೋಡೆಯೇ ಓಪನ್-ಬ್ಯಾಕ್ ಹೆಡ್‌ಫೋನಿಗೆ ಇಲ್ಲ. ಏಪ್ರಿಲ್ ತಿಂಗಳಲ್ಲಿ ಕೇಳಿದ್ದರಿಂದ ಹಗಲಿನಲ್ಲಿ ಸೀಲಿಂಗ್ ಫ್ಯಾನ್ ಆರಿಸುವುದು ಸಾಧ್ಯವಿರಲಿಲ್ಲ; ಫ್ಯಾನ್ ಮೂರನೇ ವೇಗದಲ್ಲಿ ತಿರುಗುತ್ತಿದ್ದಾಗ, ನಾನು ಯಾವ ಕ್ಷೀಣ ನಾದಗಳಿಗಾಗಿ ಈ ಹೆಡ್‌ಫೋನನ್ನು ಮೆಚ್ಚಿದ್ದೆನೋ ಅವೇ ಮೊದಲು ಮುಳುಗಿದವು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ರಾತ್ರಿ ಹತ್ತರ ನಂತರ ಕುಳಿತಾಗ ಎರಡು ಹೆಡ್‌ಫೋನುಗಳ ನಡುವೆ ದೊಡ್ಡದಾಗಿ ಕಂಡ ಅಂತರ, ಮಧ್ಯಾಹ್ನ ಫ್ಯಾನಿನ ಕೆಳಗೆ ಬಹಳ ಕಿರಿದಾಗುತ್ತಿತ್ತು. ಸುತ್ತಲಿನ ಸದ್ದನ್ನು ಮೀರಲು ವಾಲ್ಯೂಮ್ ಏರಿಸುವುದು ಎಲ್ಲರಿಗೂ ಬರುವ ಸಹಜ ಪ್ರವೃತ್ತಿ, ಅದರಿಂದ ದೂರವಿರಬೇಕು: 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ, ಮಟ್ಟ ಏರಿದಂತೆ ಆ ಗಂಟೆಗಳು ವೇಗವಾಗಿ ಕರಗುತ್ತವೆ. ಸದ್ದು ಹೊರಕ್ಕೂ ಹರಿಯುತ್ತದೆ. ಪಕ್ಕದ ಮಂಚದಲ್ಲಿ ಯಾರಾದರೂ ಮಲಗಿದ್ದರೆ ಅವರೂ ಸಂಗೀತ ಕೇಳಬೇಕಾಗುತ್ತದೆ.

ಹೋಲಿಕೆಯ ನಡುವೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಒಂದು ಸಣ್ಣ ಸಂಗತಿ. ನನ್ನ ಎಚ್‌ಡಿ 600ರ ಇಯರ್‌ಪ್ಯಾಡುಗಳು ಒಂಬತ್ತು ವರ್ಷಗಳ ಬಳಕೆಯಲ್ಲಿ ಚಪ್ಪಟೆಯಾಗಿದ್ದವು. ಪ್ಯಾಡ್ ಕುಸಿದಂತೆ ಡ್ರೈವರ್ ಕಿವಿಗೆ ಹತ್ತಿರವಾಗುತ್ತದೆ, ಕಿವಿಯ ಸುತ್ತಲಿನ ಅಂಚೂ ಸರಿಯಾಗಿ ಕೂರುವುದಿಲ್ಲ. ಎರಡರಿಂದಲೂ ಧ್ವನಿಯ ಸಮತೋಲ ಮೆಲ್ಲಗೆ ಬದಲಾಗುತ್ತಾ ಹೋಗುತ್ತದೆ, ದಿನವೂ ಕೇಳುವವರಿಗೆ ಅದು ಗೊತ್ತಾಗುವುದಿಲ್ಲ. ಎರಡನೇ ವಾರದಲ್ಲಿ ಹೊಸ ಪ್ಯಾಡ್ ತರಿಸಿ ಹಾಕಿದಾಗ ಸ್ವರಗಳ ನಡುವೆ ಗಾಳಿಯಾಡಿತು, ಗಾಯಕ ಒಂದು ಗೇಣು ಹಿಂದೆ ಸರಿದು ನಿಂತಂತಾಯಿತು. ಎಚ್‌ಡಿ 800 ಎಸ್‌ನ ವಿಶಾಲತೆ ಇದರಿಂದ ಬಾರದು. ಆದರೆ ನಾನು ಮೇಲ್ದರ್ಜೆಯಲ್ಲಿ ಹುಡುಕುತ್ತಿದ್ದುದರಲ್ಲಿ ಒಂದು ಭಾಗ ನನ್ನದೇ ಹೆಡ್‌ಫೋನಿನಲ್ಲಿ ಹಿಂದೆ ಇದ್ದು, ಈಗ ಸವೆದುಹೋಗಿದ್ದದ್ದು ಎಂಬುದು ಆಗ ತಿಳಿಯಿತು. ಪ್ಯಾಡ್, ಕೇಬಲ್, ಜಾಲರಿ, ಡ್ರೈವರ್ ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ ಬದಲಾಯಿಸಬಹುದಾದ ಎಚ್‌ಡಿ 600ರ ಕಟ್ಟೋಣದ ಬಗ್ಗೆ ನನಗೆ ಬಹಳ ಗೌರವವಿದೆ. ಮೃದಂಗದ ಎಡಮೈಯ ಗುಮ್ಮೆನ್ನುವ ಸದ್ದು ಇದರಲ್ಲಿ ಕಡಿಮೆ ಎಂಬ ಹಳೆಯ ಕೊರಗಿಗೂ ಕಂಪ್ಯೂಟರಿನ ಉಚಿತ ಇಕ್ವಲೈಜರಿನಲ್ಲಿ ಪರಿಹಾರ ಸಿಕ್ಕಿತು: 100 ಹರ್ಟ್ಝ್‌ಗಿಂತ ಕೆಳಗೆ 4 ಡೆಸಿಬೆಲ್ ಏರಿಸಿ, ವಿಕೃತಿ ಬಾರದಂತೆ ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿದೆ.

ಆಂಪ್ಲಿಫೈಯರಿನ ಖರ್ಚನ್ನೂ ಕೊಳ್ಳುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಚ್‌ಡಿ 600, ಎಚ್‌ಡಿ 800 ಎಸ್ ಎರಡರ ವಿದ್ಯುತ್ ತಡೆಯೂ 300 ಓಮ್, ಆದ್ದರಿಂದ ಮೊದಲನೆಯದನ್ನು ಚೆನ್ನಾಗಿ ನುಡಿಸುವ ಆಂಪ್ಲಿಫೈಯರ್ ಎರಡನೆಯದಕ್ಕೂ ಸಾಕಾಗುತ್ತದೆ. ನನಗೆ ಹೊಸದು ಬೇಕಾಗಲಿಲ್ಲ. ಓಮ್ ಹೆಚ್ಚಿದ್ದರೆ ನುಡಿಸುವುದು ಕಷ್ಟ ಎಂದು ಮಾತ್ರ ನಂಬಿಕೊಂಡು ಚಪ್ಪಟೆ ಪೊರೆಯ ಪ್ಲೇನಾರ್ ಮಾದರಿಗಳ ಕಡೆಗೆ ಹೊರಟರೆ ಮೋಸಹೋಗುತ್ತೇವೆ. ಅಂಥದ್ದೇ ಒಂದಾದ ಹೈಫೈಮ್ಯಾನ್ ಸುಸ್ವಾರ 60 ಓಮ್ ಮಾತ್ರ, ಆದರೆ ಅದರ ಸಂವೇದನೆ, ಅಂದರೆ ಒಂದು ಮಿಲಿವ್ಯಾಟ್ ಕೊಟ್ಟಾಗ ಹೊಮ್ಮುವ ಸದ್ದು, 83 ಡೆಸಿಬೆಲ್. ಅಲ್ಲಿಂದ 103 ಡೆಸಿಬೆಲ್ ತಲುಪಲು 100 ಮಿಲಿವ್ಯಾಟ್ ಬೇಕು. ಎಚ್‌ಡಿ 800 ಎಸ್‌ಗೆ ಒಂದು ವೋಲ್ಟ್ ಕೊಟ್ಟರೆ, ಅಂದರೆ 3.3 ಮಿಲಿವ್ಯಾಟ್‌ನಲ್ಲಿ, ಅದು 102 ಡೆಸಿಬೆಲ್ ಮುಟ್ಟುತ್ತದೆ.

ಧರಿಸುವ ಸುಖದಲ್ಲಿ ಎಚ್‌ಡಿ 800 ಎಸ್ ನಿಸ್ಸಂದೇಹವಾಗಿ ಮೇಲು. ಅದರ ತೂಕ 330 ಗ್ರಾಂ, ಎಚ್‌ಡಿ 600ಗಿಂತ ಹೆಚ್ಚು. ಆದರೂ ದೊಡ್ಡ ಬಟ್ಟಲು ಕಿವಿಯನ್ನು ಎಲ್ಲಿಯೂ ಮುಟ್ಟುವುದಿಲ್ಲ, ಕನ್ನಡಕದ ಕಡ್ಡಿಯನ್ನು ಒತ್ತುವುದಿಲ್ಲ, ಎರಡು ಗಂಟೆಯ ಕಛೇರಿ ಮುಗಿದ ಮೇಲೂ ತಲೆ ಹಗುರವಾಗಿರುತ್ತದೆ. 51,000 ಹರ್ಟ್ಝ್‌ವರೆಗಿನ ವ್ಯಾಪ್ತಿಯ ಬಗ್ಗೆ ನಾನು ತಲೆಕೆಡಿಸಿಕೊಳ್ಳಲಿಲ್ಲ, ನನ್ನ ವಯಸ್ಸಿನ ಕಿವಿಗೆ ಅದರ ನಾಲ್ಕನೆಯ ಒಂದು ಭಾಗ ಕೇಳಿದರೆ ಹೆಚ್ಚು.

ಗೆಳೆಯರು ಹಿಂದಿರುಗಿದ ದಿನ, "ನಿಮಗೆ ಹಿಡಿಸಿದ್ದರೆ ನೀವೇ ಇಟ್ಟುಕೊಳ್ಳಿ, ದುಡ್ಡು ನಿಧಾನವಾಗಿ ಕೊಡಿ" ಎಂದರು. ಅವರು ಹೇಳಿದ ಬೆಲೆ ನ್ಯಾಯವಾದದ್ದು, ಆದರೂ ಬೇಡವೆಂದೆ. ನಿಶ್ಶಬ್ದವಾದ ಕೋಣೆಯೂ ಒಳ್ಳೆಯ ಸ್ಟೀರಿಯೊ ಮುದ್ರಣಗಳ ಸಂಗ್ರಹವೂ ಇರುವವರು ಸಾಲ ಮಾಡದೆ ಕೊಳ್ಳಬಲ್ಲರಾದರೆ ಎಚ್‌ಡಿ 800 ಎಸ್ ಅನ್ನು ಖಂಡಿತ ಕೊಳ್ಳಬಹುದು. ಎಚ್‌ಡಿ 600 ಕೊಡಲಾರದ್ದನ್ನು ಅದು ನಿಜವಾಗಿಯೂ ಕೊಡುತ್ತದೆ. ನನ್ನ ಸಂಗ್ರಹಕ್ಕೂ ನನ್ನ ಫ್ಯಾನಿಗೂ ಹೊಸ ಪ್ಯಾಡ್ ಹಾಕಿದ ಹಳೆಯದೇ ಸರಿಹೊಂದುತ್ತದೆ. ಪೆಟ್ಟಿಗೆಗೆ ಹಾಕುವ ಮುನ್ನ ಆ ಮನೆ ಕಛೇರಿಯ ತಾನವನ್ನು ಇನ್ನೊಮ್ಮೆ ಪೂರ್ತಿ ಕೇಳಿದೆ. ಅದೇ ವೈಣಿಕರು ಬರುವ ನವರಾತ್ರಿಗೆ ಮತ್ತೆ ನುಡಿಸುತ್ತಾರಂತೆ. ಎರಡು ಮೈಕ್ ಇಟ್ಟು ಮುದ್ರಿಸಿಕೊಳ್ಳಲು ಅವರ ಅನುಮತಿ ಕೇಳಿದ್ದೇನೆ. ಅಂಥ ಮುದ್ರಣಗಳು ಹತ್ತಿಪ್ಪತ್ತು ಸೇರಿದ ದಿನ ಈ ಲೆಕ್ಕವನ್ನು ಮತ್ತೊಮ್ಮೆ ಹಾಕುತ್ತೇನೆ.