ಸೂಪರ್ ಮಾರಿಯೋ ಬ್ರದರ್ಸ್: ನೆನಪಿನ ಮೋಹವನ್ನೂ ಮೀರಿದ ಆಟ

ಜಪಾನಿನ ನಿಂಟೆಂಡೊ ಸಂಸ್ಥೆ 1985ರಲ್ಲಿ ಹೊರತಂದ ವಿಡಿಯೋ ಗೇಮ್ ‘ಸೂಪರ್ ಮಾರಿಯೋ ಬ್ರದರ್ಸ್’ ನನ್ನ ಬಾಲ್ಯದ ಬಿಡುವಿನ ವೇಳೆಯನ್ನೆಲ್ಲ ನುಂಗಿಹಾಕಿದ ಆಟವಾದ್ದರಿಂದ, ಈ ವಿಮರ್ಶೆಯಲ್ಲಿ ತುಸು ಪಕ್ಷಪಾತ ಇಣುಕಿದರೆ ಓದುಗರು ಮನ್ನಿಸಬೇಕು. ಆದರೂ ಈಚೆಗೆ ಮತ್ತೆ ಆಡಿದಾಗ, ಇದರ ಹೆಚ್ಚುಗಾರಿಕೆ ಬರಿಯ ನೆನಪಿನ ಮೋಹವಲ್ಲವೆಂಬುದು ಖಚಿತವಾಯಿತು.

ಆಟದ ವಿನ್ಯಾಸಕ ಶಿಗೆರು ಮಿಯಾಮೊಟೊ ಮತ್ತು ಸಂಗಡಿಗರು ರೂಪಿಸಿದ ಮೊದಲ ಹಂತವನ್ನೇ ನೋಡಿ. ಎದುರಿನಿಂದ ಬರುವ ಗೂಂಬಾ ಎಂಬ ಶತ್ರುವಿನ ಮೇಲೆ ಜಿಗಿಯಬೇಕೆಂಬುದನ್ನೂ, ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಯನ್ನು ಕೆಳಗಿನಿಂದ ಗುದ್ದಬೇಕೆಂಬುದನ್ನೂ, ಹೊರಬಂದ ಅಣಬೆ ಕೊಳವೆಗೆ ಬಡಿದು ನಮ್ಮತ್ತ ತಿರುಗಿದಾಗ ಅದು ಶತ್ರುವಲ್ಲವೆಂಬುದನ್ನೂ ಒಂದು ಸಾಲಿನ ಸೂಚನೆಯೂ ಇಲ್ಲದೆ ಆ ಹಂತ ಕಲಿಸಿಬಿಡುತ್ತದೆ. ಓಡುತ್ತಿರುವ ಕಥಾನಾಯಕ ಮಾರಿಯೋ, ನಾವು ನಿಯಂತ್ರಕದ ಗುಂಡಿ ಬಿಟ್ಟೊಡನೆ ನಿಲ್ಲುವುದಿಲ್ಲ, ತುಸು ಜಾರಿಯೇ ನಿಲ್ಲುತ್ತಾನೆ. ಆ ಜಾರುವಿಕೆಯ ಲೆಕ್ಕಾಚಾರವನ್ನು ನನ್ನ ಬೆರಳುಗಳು ಇನ್ನೂ ಮರೆತಿಲ್ಲ. ಮೋಡಕ್ಕೂ ಪೊದೆಗೂ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬಳಸಿರುವುದು ಮಾತ್ರ ಆಗ ಕಣ್ಣಿಗೆ ಬಿದ್ದಿರಲಿಲ್ಲ. ಕೇವಲ 40 ಕಿಲೋಬೈಟ್‌ಗಳ ಜಾಗದಲ್ಲಿ 32 ಹಂತಗಳನ್ನು ಹಿಡಿಸಲು ಇಂತಹ ಮಿತವ್ಯಯ ಅನಿವಾರ್ಯವಾಗಿತ್ತು. ಕೋಜಿ ಕೊಂಡೊ ಅವರ ಸಂಗೀತವಂತೂ, ಹಂತ ಮುಗಿಸಲು ಉಳಿದ ಸಮಯದ ಎಣಿಕೆ 100ಕ್ಕಿಂತ ಕಡಿಮೆಯಾದೊಡನೆ ವೇಗ ಪಡೆದು, ಇಂದಿಗೂ ಎದೆಬಡಿತ ಹೆಚ್ಚಿಸುತ್ತದೆ.

ನೀರೊಳಗಿನ ಹಂತಗಳು ಅಂದೂ ಬೇಸರ ತರಿಸಿದ್ದವು, ಇಂದೂ ತರಿಸುತ್ತವೆ. ಒಮ್ಮೆ ದಾಟಿದ ದಾರಿಗೆ ಮರಳುವಂತಿಲ್ಲ. ಮೂಲ ಆಟದಲ್ಲಿ ಪ್ರಗತಿಯನ್ನು ಉಳಿಸಿಕೊಳ್ಳುವ ಸೌಲಭ್ಯವೂ ಇಲ್ಲ. ನಿಂಟೆಂಡೊ ಸ್ವಿಚ್ ಆನ್‌ಲೈನ್ ಎಂಬ ಸೇವೆಯ ಚಂದಾದಾರರಿಗೆ ದೊರೆಯುವ ಆವೃತ್ತಿಯಲ್ಲಿ ಆಟವನ್ನು ನಡುವೆಯೇ ಉಳಿಸಿಕೊಳ್ಳಬಹುದಾದ್ದರಿಂದ, ಹೊಸಬರು ಅದರಿಂದಲೇ ಆರಂಭಿಸುವುದು ಒಳ್ಳೆಯದು.